ಮೇಕೆಗೆ ಹೇಳಿದ ಮಾತು

ಈ ಕೆಲಸಕ್ಕೆ ಹೊಸದಾಗಿ ಸೇರಿರುವ ಮೂವರು ಹುಡುಗಿಯರು ಹೋದ ತಿಂಗಳು ಮನೆಗೆ ಬಂದಿದ್ದರು. ಕಾಫಿ ಕುಡಿದರು, ನನ್ನ ಮಂಡಿನೋವು ವಿಚಾರಿಸಿದರು, ಆಮೇಲೆ "ನಿಮ್ಮ ಅನುಭವ ಬರೆದುಕೊಡಿ ಮೇಡಂ, ನಮಗೆ ದಾರಿದೀಪ ಆಗುತ್ತೆ" ಎಂದರು. ಈ ಕೆಲಸದಲ್ಲಿ ತಲೆ ನರೆತವಳಿಗೆ ದೀಪ ಅಂದರೆ ಮೊದಲು ಸೀಮೆಎಣ್ಣೆಯ ಯೋಚನೆ ಬರುತ್ತದೆ. ಆದರೂ ಒಪ್ಪಿಕೊಂಡೆ.

ಬಡ್ತಿಯ ವಿಷಯ ಬರೆಯುವುದಿಲ್ಲ. ಬಂದದ್ದು ಒಂದೇ, ಅದರ ಫಲವಾಗಿ ಕೈಯಿಲ್ಲದ ಕುರ್ಚಿಯಿಂದ ಕೈಯಿರುವ ಕುರ್ಚಿಗೆ ಏರಿದೆ. ಯಶಸ್ಸುಗಳನ್ನೂ ಬರೆಯುವುದಿಲ್ಲ. ಅವೆಲ್ಲ ವಾರ್ಷಿಕ ವರದಿಗಳಲ್ಲಿ ಸುಖವಾಗಿವೆ, ಅಲ್ಲೇ ಇರಲಿ. ನಾನು ಬರೆಯಬೇಕೆಂದಿರುವುದು ಒಂದೊಂದು ಮಗುವಿನ ವಿವರ ಬರೆದಿಡುವ ನಮ್ಮ ಹಳದಿ ಕಾರ್ಡಿನ ಹನ್ನೊಂದನೇ ಕಾಲಂ ವಿಷಯ, ಅದರಲ್ಲಿ ನಾನು ಕೈಯಾರೆ ಹಾಕಿದ ಒಂದು ಗುರುತಿನ ವಿಷಯ, ಆ ಗುರುತಿನಿಂದ ಒಬ್ಬ ತಾಯಿ ತನ್ನ ಮಗಳನ್ನು ಇನ್ನೇನು ಕಳೆದುಕೊಳ್ಳುವುದರಲ್ಲಿದ್ದ ವಿಷಯ.

ನಮ್ಮ ಕೇಂದ್ರ ಇದ್ದದ್ದು ಆರ್.ಟಿ. ನಗರದ ಒಂದು ಬಾಡಿಗೆ ಮನೆಯಲ್ಲಿ. ಎಪ್ಪತ್ತರ ದಶಕದ ಕೊನೆ. ಬಡಾವಣೆ ಆಗಿನ್ನೂ ಅರ್ಧ ಮನೆ, ಅರ್ಧ ಸೈಟು. ಬೋರ್ಡಿನಲ್ಲಿ 'ಮಕ್ಕಳ ಮಾರ್ಗದರ್ಶನ ಕೇಂದ್ರ' ಎಂದಿದ್ದುದನ್ನು ಓದಿ ಕೆಲವರು ಎಸ್ಸೆಸ್ಸೆಲ್ಸಿ ಗಣಿತಕ್ಕೆ ಟ್ಯೂಷನ್ ಕೇಳಿಕೊಂಡು ಬರುತ್ತಿದ್ದರು. ಹಾಲೇ ಆಫೀಸು, ಮಲಗುವ ಕೋಣೆ ಡಾಕ್ಟರದು, ಅಡುಗೆಮನೆ ಥೆರಪಿ ರೂಮು. ಅಡುಗೆಮನೆಯ ಗೋಡೆಯಲ್ಲಿ ತಟ್ಟೆ ದಾಟಿಸುವ ಒಂದು ಕಿಂಡಿ ಇತ್ತು. ಡಾಕ್ಟರು ಅದಕ್ಕೆ ಸೊಳ್ಳೆಪರದೆಯ ಬಟ್ಟೆ ಹೊಡೆಸಿ, 'ವೀಕ್ಷಣಾ ಗವಾಕ್ಷಿ' ಎಂದು ನಾಮಕರಣ ಮಾಡಿದ್ದರು. ಆಚೆ ಕಡೆ ಸ್ಟೂಲು ಹಾಕಿಕೊಂಡು ಕೂತರೆ ಒಳಗಿನ ಮಗುವಿಗೆ ಕಾಣದಂತೆ ನೋಡಬಹುದು ಎಂಬುದು ಸಿದ್ಧಾಂತ. ಮಕ್ಕಳೆಲ್ಲ ಒಳಗೆ ಬಂದ ತಕ್ಷಣ ನೇರ ಕಿಂಡಿಯ ಹತ್ತಿರ ಹೋಗಿ ಡಾಕ್ಟರ ಕನ್ನಡಕವನ್ನು ಬೆರಳಿನಿಂದ ಚುಚ್ಚುತ್ತಿದ್ದರು.

ಸಿಬ್ಬಂದಿ ಮೂವರು. ಡಾಕ್ಟರು ಮಂಗಳವಾರ, ಶುಕ್ರವಾರ ಬರುತ್ತಿದ್ದರು. ಹೊರದೇಶದಲ್ಲಿ ಓದಿ ಬಂದವರು, ಒಳ್ಳೆಯವರು, ಮಗು ಮೈಮೇಲೆ ಉಚ್ಚೆ ಹೊಯ್ದರೂ ಕೆಳಗಿಳಿಸದವರು. ಮಕ್ಕಳಿಗೆ ಕಲಿಸಿ ಕಾರ್ಡು ಬರೆಯುವ ನಾನು ದಿನವೂ. ಕಾಟನ್‌ಪೇಟೆಯ ನಮ್ಮ ವಠಾರದಿಂದ ಎರಡು ಬಸ್ಸು ಬದಲಾಯಿಸಿ ಬರುತ್ತಿದ್ದೆ. ಮೂರನೆಯವಳು ಜಕ್ಕೂರಿನ ಆಯಾ ಮುನಿಯಮ್ಮ. ಅವಳ ಸಂಬಳ ನಮ್ಮಿಬ್ಬರಿಗಿಂತ ಕಡಿಮೆ, ಅವಳ ಅಭಿಪ್ರಾಯಗಳು ನಮ್ಮಿಬ್ಬರವನ್ನು ಕೂಡಿಸಿದರೂ ಜಾಸ್ತಿ.

ಆಟಿಸಂ ಎಂಬ ಮಾತು ಆಗ ಆ ಸುತ್ತಿನಲ್ಲಿ ಇಬ್ಬರಿಗೆ ಗೊತ್ತಿತ್ತು: ಡಾಕ್ಟರಿಗೆ, ಅವರು ಹೇಳಿದ್ದರಿಂದ ನನಗೆ. ಮಗು ನಮ್ಮಲ್ಲಿಗೆ ಬರುವ ಹೊತ್ತಿಗೆ ದೇವಸ್ಥಾನ, ದರ್ಗಾ, ತಾಯತ, ನಾಲಿಗೆಗೆ ಬಜೆ ತೇಯ್ದು ಹಚ್ಚುವುದು, ಎಲ್ಲ ಮುಗಿದಿರುತ್ತಿತ್ತು. ನಾವು ಕೊನೆಯ ದೇವರು. ಕೊನೆಯ ದೇವರಿಗೆ ಹರಕೆ ಕಡಿಮೆ, ಭಾರ ಜಾಸ್ತಿ.

ನನ್ನ ಮೊದಲ ಪ್ರಮಾದವನ್ನು ಇಲ್ಲೇ ಹೇಳಿಬಿಡುತ್ತೇನೆ. ಎರಡನೆಯದಕ್ಕೆ ಅದು ಪೀಠಿಕೆ. ಮಗು ನಮ್ಮ ಮುಖ ನೋಡಿದಾಗಲೆಲ್ಲ ಒಂದು ಪೆಪ್ಪರ್‌ಮಿಂಟು ಕೊಡುವುದು ಆಗಿನ ಪದ್ಧತಿ. ಅಲ್ಲಾಳಸಂದ್ರದ ನಂಜುಂಡ ಎಂಬ ಏಳು ವರ್ಷದ ಹುಡುಗ ಎರಡೇ ವಾರದಲ್ಲಿ ನನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡತೊಡಗಿದ. ಎವೆಯಿಕ್ಕದೆ ನೋಡುತ್ತಿದ್ದ. ನನ್ನ ಮುಖವನ್ನು ಅಷ್ಟು ತನ್ಮಯತೆಯಿಂದ ನೋಡಿದವರು ಅದಕ್ಕೆ ಮುಂಚೆಯಾಗಲಿ ಆಮೇಲಾಗಲಿ ಇನ್ನೊಬ್ಬರಿಲ್ಲ. 'ಗಮನಾರ್ಹ ಪ್ರಗತಿ' ಎಂದು ಬರೆದೆ. ಒಂದು ದಿನ ಮೂಗಿನ ಮೇಲೆ ಗಾಯವಾಗಿ ಕನ್ನಡಕ ತೆಗೆದಿಟ್ಟು ಕೂತೆ. ನಂಜುಂಡ ನನ್ನ ಕಡೆ ತಿರುಗಲೇ ಇಲ್ಲ. ಮೇಜಿನ ಮೇಲಿದ್ದ ಕನ್ನಡಕವನ್ನೇ ನೋಡಿದ. ಅವನ ಬೆನ್ನ ಹಿಂದಿನ ಗೂಡಿನಲ್ಲಿದ್ದ ಪೆಪ್ಪರ್‌ಮಿಂಟು ಭರಣಿಗೆ ಬೆಳಕು ಬೀಳುವ ಹಾಗೆ ಮುನಿಯಮ್ಮ ಕಿಟಕಿ ತೆರೆದಿಡುತ್ತಿದ್ದಳು. ಹುಡುಗನ ಎದುರಿಗೆ ಕಿಟಕಿಯಿಂದಾಚೆ ಒಂದು ಲೋಕವಿತ್ತು, ನನ್ನ ಕನ್ನಡಕದ ಗಾಜಿನಲ್ಲಿ ಅವನ ಭರಣಿಯ ಬಿಂಬ ಇತ್ತು. ನಾನು ನಡುವೆ ಅಡ್ಡ ಕೂತಿದ್ದ ಒಂದು ಸಾಮಾನು.

ಇದರಿಂದ ನಾನು ಪಾಠ ಕಲಿಯಬೇಕಿತ್ತು. 'ಪ್ರಗತಿ ಸ್ಥಗಿತ' ಎಂದು ಬರೆದು ಕಾರ್ಡು ಎತ್ತಿಟ್ಟೆ.

ಇನ್ನು ಹನ್ನೊಂದನೇ ಕಾಲಂ. 'ತಾಯಿಯ ಭಾವಸ್ಥಿತಿ' ಎಂದು ಅದರ ಶೀರ್ಷಿಕೆ. ಕೆಳಗೆ ಮೂರು ಚೌಕ: ಬೆಚ್ಚಗೆ, ಸಾಧಾರಣ, ತಣ್ಣಗೆ. ಹೋಟೆಲಿನಲ್ಲಿ ಬಾದಾಮಿ ಹಾಲು ಹೇಗಿರಬೇಕು ಎಂದು ಕೇಳಿದ ಹಾಗೆ. ತಾಯಿಯ ಮನಸ್ಸು ತಣ್ಣಗಿದ್ದರೆ ಮಗು ಒಳಗೆ ಸೇರಿಕೊಂಡು ಬಾಗಿಲು ಹಾಕಿಕೊಳ್ಳುತ್ತದೆ ಎಂದು ಆಗ ದೊಡ್ಡ ದೊಡ್ಡ ಪುಸ್ತಕಗಳು ಹೇಳುತ್ತಿದ್ದವು, ಡಾಕ್ಟರು ನಂಬಿದ್ದರು, ಡಾಕ್ಟರನ್ನು ನಾನು ನಂಬಿದ್ದೆ. ಈಗ ಅದನ್ನು ಯಾರೂ ಹೇಳುವುದಿಲ್ಲ. ಆದರೆ ಯಾವ ಪುಸ್ತಕವೂ ಆ ತಾಯಂದಿರ ಮನೆಗೆ ಹೋಗಿ ತಪ್ಪಾಯಿತು ಅಂದದ್ದು ನನಗೆ ಗೊತ್ತಿಲ್ಲ. ತಂದೆಗೂ ಒಂದು ಕಾಲಂ ಇತ್ತು: ಉದ್ಯೋಗ.

ಮೆಹರುನ್ನೀಸಾ ಮಗಳನ್ನು ಕರೆದುಕೊಂಡು ಬಂದದ್ದು ಒಂದು ಮಂಗಳವಾರ. ಮನೆ ನಮ್ಮ ಕೇಂದ್ರದಿಂದ ಎರಡು ಸ್ಟಾಪು ಆಚೆ. ಗಂಡ ಗಫಾರ್ ಸಾಹೇಬರಿಗೆ ಯಶವಂತಪುರದಲ್ಲಿ ಲಾರಿ, ಆಟೋಗಳ ಸೀಟು ಹೊಲಿಯುವ ಸಣ್ಣ ಅಂಗಡಿ. ಮಗಳು ಶಾಹೀನಾಗೆ ಐದು ತುಂಬಿತ್ತು. ಅಪ್ಪನ ಅಂಗಡಿಯಿಂದ ತಂದ ತೆಂಗಿನ ನಾರಿನ ಉಂಡೆಯೊಂದು ಸದಾ ಅವಳ ಕೈಯಲ್ಲಿ. ಅದರಿಂದ ಒಂದೊಂದೇ ಎಳೆ ತೆಗೆದು ನೆಲದ ಮೇಲೆ ಸಾಲಾಗಿ ಜೋಡಿಸುತ್ತಿದ್ದಳು. ಒಂದು ಎಳೆ ಸೊಟ್ಟಗಿದ್ದರೆ ಲೋಕ ಮುಳುಗಿದಂತೆ ಅಳುತ್ತಿದ್ದಳು. ಜಕ್ಕೂರಿನ ತರಬೇತಿ ವಿಮಾನ ಮೇಲೆ ಹಾರಿದರೆ ಕಿವಿ ಮುಚ್ಚಿ ಮೂಲೆ ಸೇರುತ್ತಿದ್ದಳು.

ಅವಳಿಗೆ ನಾಲ್ಕು ಮಾತು ಬರುತ್ತಿತ್ತು. ಚಾ, ಪಾನಿ, ಅಪ್ಪನಿಗೆ ಅಬ್ಬಾ, ಆಮೇಲೆ ನಕ್ಕೋ. ಬೇಡ ಅನ್ನುವ ಈ ಕೊನೆಯ ಮಾತು ಬೆಂಗಳೂರಿನಲ್ಲಿ ಯಾರಿಗೆ ಗೊತ್ತಿಲ್ಲ? ಮನೆಯಲ್ಲಿ ಆಡುವುದು ದಖ್ಖನಿ ಉರ್ದು. ಮೆಹರುನ್ನೀಸಾ ಅಂದು ಬಾಯಿ ತುಂಬ ಮಾತಾಡಿದಳು, ಅರ್ಧ ಅವಳ ಭಾಷೆ, ಅರ್ಧ ಸಂತೆಯ ಕನ್ನಡ. "ಬಾಗ್ಲು ಸದ್ದು ಆದ್ರೆ ನಾನು 'ಕೋನ್ ಆಯಾ?' ಅಂತೀನಿ ಮಿಸ್, ಯಾರು ಬಂದ್ರು ಅಂತ, ಇವ್ಳು 'ಅಬ್ಬಾ' ಅಂತಾಳೆ. ಹಾಲ್ನೋನು ಬಂದ್ರೂ ಅಬ್ಬಾ, ಪೋಸ್ಟ್ ಬಂದ್ರೂ ಅಬ್ಬಾ. ನಮ್ಮತ್ತೆಗೆ ಮರ್ಯಾದೆ ಪ್ರಶ್ನೆ ಆಗ್ಬಿಟ್ಟಿದೆ."

ಮುನಿಯಮ್ಮ ನಕ್ಕಳು. ನಾನು ನಗಲಿಲ್ಲ, ಬರೆದುಕೊಂಡೆ. 'ಮನೆಯಲ್ಲಿ ಎರಡು ಭಾಷೆಯ ಗೊಂದಲ.'

ಮಾತು ತಡವಾದ ಮಗುವಿಗೆ ಮನೆಯಲ್ಲಿ ಒಂದೇ ಭಾಷೆ ಇರಬೇಕು ಎಂಬುದು ಆಗಿನ ಇನ್ನೊಂದು ವೇದವಾಕ್ಯ. ನಮ್ಮ ಚಿತ್ರಪಟಗಳು ಕನ್ನಡ, ಪಾಠ ಕನ್ನಡ, ಮುಂದೆ ಸೇರುವುದಾದರೆ ಶಾಲೆಯೂ ಕನ್ನಡ. ಹಾಗಾಗಿ ನಾನು ಕನ್ನಡಕದ ಮೇಲಿಂದ ನೋಡುತ್ತಾ ವಿಧಿಸಿದೆ: ಇನ್ನು ಮೇಲೆ ಮಗಳ ಹತ್ತಿರ ಕನ್ನಡ ಮಾತ್ರ. ಹತ್ತು ವಾಕ್ಯ ಹೇಳಿಕೊಟ್ಟೆ. ಜೊತೆಗೆ ಬಂದಿದ್ದ ಗಫಾರ್ ಸಾಹೇಬರು ಮೊಣಕಾಲ ಮೇಲೆ ಕಾಗದ ಇಟ್ಟುಕೊಂಡು ಹೆಂಡತಿಗೆ ಓದಲು ಬರುವ ಉರ್ದು ಅಕ್ಷರದಲ್ಲಿ ಬರೆದುಕೊಂಡರು. ಬಾ. ಕೂತ್ಕೋ. ಊಟ ಮಾಡು. ಇದು ಏನು? ಹೀಗೆ.

ಮೆಹರುನ್ನೀಸಾ ಕೇಳಿದಳು, "ಬೈಯೋದಕ್ಕೆ ಏನು ಹೇಳ್ಬೇಕು ಮಿಸ್?"

"ಬೈಯಬಾರದು."

"ಸರಿ. ಮುದ್ದು ಮಾಡೋದಕ್ಕೆ?"

"ಅದಕ್ಕೆ ಮಾತು ಬೇಕಿಲ್ಲಮ್ಮ" ಎಂದೆ.

ನನ್ನ ವೃತ್ತಿಜೀವನದಲ್ಲಿ ನಾನಾಡಿದ ಎಷ್ಟೋ ಜಾಣ ಮಾತುಗಳು ಮರೆತುಹೋಗಿವೆ. ಇದು ಮರೆತಿಲ್ಲ.

ಆಮೇಲೆ ವಾರಕ್ಕೊಂದು ಸಲ ತಪ್ಪದೆ ಬಂದರು. ತಾಯಿ ಮಗಳಿಬ್ಬರನ್ನೂ ಅಡುಗೆಮನೆಯಲ್ಲಿ ಬಿಟ್ಟು ನಾನು ಕಿಂಡಿಯ ಆಚೆ ಕೂರುತ್ತಿದ್ದೆ. ಮೆಹರುನ್ನೀಸಾ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತು, ಬಸ್ಸಿನ ಬೋರ್ಡು ಓದುವ ದನಿಯಲ್ಲಿ, "ಬಾ. ಕೂತ್ಕೋ. ಇದು ಏನು?" ಎನ್ನುತ್ತಿದ್ದಳು. ಆಮೇಲೆ ಸುಮ್ಮನೆ. ಮತ್ತೆ ಹತ್ತು ನಿಮಿಷಕ್ಕೆ, "ಇದು ಏನು?" ಶಾಹೀನಾ ನಾರು ಜೋಡಿಸುತ್ತಿದ್ದಳು. ತಿಂಗಳು ಕಳೆದಂತೆ 'ಚಾ' ಹೋಯಿತು. 'ಪಾನಿ' ಹೋಯಿತು. 'ಕೋನ್ ಆಯಾ' ಕೇಳುವವರೇ ಇಲ್ಲದ ಮೇಲೆ 'ಅಬ್ಬಾ' ಎಲ್ಲಿಂದ ಬಂದೀತು? ಬೇಡವೆಂದರೆ ಕೈ ಕಚ್ಚಿಕೊಳ್ಳತೊಡಗಿದಳು. ಮೆಹರುನ್ನೀಸಾ ಇಳಿದುಹೋದಳು, ಕಣ್ಣ ಕೆಳಗೆ ಕಪ್ಪು ಕಟ್ಟಿತು.

ನಾನು ಹನ್ನೊಂದನೇ ಕಾಲಂನಲ್ಲಿ 'ತಣ್ಣಗೆ' ಚೌಕಕ್ಕೆ ಗುರುತು ಹಾಕಿದೆ. ಪಕ್ಕದಲ್ಲಿ, 'ತಾಯಿ ಮಗುವಿನೊಡನೆ ಯಂತ್ರದಂತೆ ವರ್ತಿಸುತ್ತಾಳೆ, ಮಾತು ಅತ್ಯಲ್ಪ.' ಅಕ್ಷರ ದುಂಡಗೆ ಬಂದಿತ್ತು.

ಮುನಿಯಮ್ಮ ಒಂದು ದಿನ ಕಸ ಗುಡಿಸುತ್ತಾ ಅಂದಳು, "ಅದೇನ್ ಮಿಸ್ಸೂ, ಆ ಯಮ್ಮ ಬಸ್ ಸ್ಟಾಪ್ನಾಗೆ ನಿಂತ್ರೆ ಊರೋರ ಜೊತೆಗೆಲ್ಲಾ ಮಾತಾಡ್ತಾಳೆ, ನಗ್ಸಿ ನಗ್ಸಿ ಸಾಯಿಸ್ತಾಳೆ. ಇಲ್ಲಿಗ್ ಬಂದ್ರೆ ಇಂಗೆ ಬಾಯಿಗೆ ಬೀಗ ಆಕ್ಕೊಂಡ್ ಕುಂತ್ಕೋತಾಳಲ್ಲ, ಯಾಕೆ?"

"ನಿನ್ನ ಕೆಲಸ ನೋಡು ಮುನಿಯಮ್ಮ" ಎಂದೆ. ಆಯಾ ಹೇಳಿದ್ದನ್ನು ಬರೆಯಲು ಕಾರ್ಡಿನಲ್ಲಿ ಕಾಲಂ ಇರಲಿಲ್ಲ.

ಎಂಟನೇ ತಿಂಗಳಲ್ಲಿ ಡಾಕ್ಟರು ಕಾರ್ಡನ್ನು ಮೊದಲಿಂದ ಓದಿದರು. ಮೇಜಿನ ಮೇಲೆ ಬೆರಳು ತಟ್ಟುತ್ತಾ, "ತಾಯಿಯಿಂದ ಬೇರೆ ಮಾಡದೆ ಗತ್ಯಂತರವಿಲ್ಲ" ಎಂದರು. ರೈಲಿನಲ್ಲಿ ಒಂದು ಹಗಲಿನ ದೂರದ ಊರಿನಲ್ಲಿ ಅವರಿಗೆ ಗೊತ್ತಿದ್ದ ಒಂದು ವಸತಿ ಶಾಲೆ ಇತ್ತು. ಮೊದಲ ಆರು ತಿಂಗಳು ತಂದೆತಾಯಿ ನೋಡಲು ಹೋಗುವಂತಿಲ್ಲ. ಮುಂದೆ ನೋಡೋಣ. ಒಂದು ಜಾಗ ಖಾಲಿ ಇತ್ತು, ಮುಂದಿನ ಶುಕ್ರವಾರದೊಳಗೆ ಕಾಗದ ಹೋಗಬೇಕಿತ್ತು.

ಗಫಾರ್ ಸಾಹೇಬರು ಕೈಯಲ್ಲಿ ಟೋಪಿ ಹಿಡಿದುಕೊಂಡು ಕೇಳಿಸಿಕೊಂಡರು. "ಡಾಕ್ಟ್ರು ಹೇಳಿದ್ಮೇಲೆ ನಾವೇನ್ ಹೇಳೋದು" ಎಂದರು. ಮೆಹರುನ್ನೀಸಾ ವರಾಂಡದಲ್ಲಿ ನನ್ನ ಸೆರಗಿನ ತುದಿ ಹಿಡಿದು ನಿಲ್ಲಿಸಿದಳು.

"ನಾನೇನ್ ತಪ್ಪು ಮಾಡ್ದೆ ಮಿಸ್? ಹತ್ತೂ ಸರಿಯಾಗಿ ಹೇಳಿದೀನಲ್ಲ."

ಅದನ್ನೂ ಬರೆದುಕೊಂಡೆ: 'ತಾಯಿಗೆ ಪರಿಸ್ಥಿತಿಯ ಅರಿವಿಲ್ಲ.'

ವಸತಿ ಶಾಲೆಯ ಅರ್ಜಿಗೆ ಮನೆ ಭೇಟಿಯ ವರದಿ ಲಗತ್ತಿಸಬೇಕಿತ್ತು. ಎಂಟು ತಿಂಗಳಲ್ಲಿ ನಾನು ಆ ಮನೆಗೆ ಹೋಗಿರಲಿಲ್ಲ. ಎರಡು ಸ್ಟಾಪು ದೂರ ಹೋಗಲು ಒಂದು ಫಾರಂ ಬೇಕಾಯಿತು. ಬುಧವಾರ ಬೆಳಗ್ಗೆ ಹನ್ನೊಂದರ ಸುಮಾರಿಗೆ ಗಲ್ಲಿ ಹುಡುಕಿಕೊಂಡು ಹೋದೆ. ಹಸಿರು ಬಣ್ಣದ ಬಾಗಿಲು, ಪಕ್ಕದಲ್ಲಿ ಎದೆಮಟ್ಟದ ಗೋಡೆ, ಗೋಡೆಯಾಚೆ ಅಂಗಳ. ಕದ ತಟ್ಟಲು ಕೈ ಎತ್ತಿದವಳು ಹಾಗೇ ನಿಂತೆ.

ಒಳಗೆ ಯಾರೋ ಹೆಂಗಸು ಮಾತಾಡುತ್ತಿದ್ದಳು. ಮಾತೆಂದರೆ ಅಂತಿಂಥದ್ದಲ್ಲ. ಅತ್ತೆಯ ಗೊರಕೆಯ ಅನುಕರಣೆ ಆಯಿತು, ನಾದಿನಿಯ ಮದುವೆಯ ಬಿರಿಯಾನಿಯಲ್ಲಿ ಮಾಂಸ ಹುಡುಕಿದ ಕಥೆ ಆಯಿತು, ಆಮೇಲೆ ಕನ್ನಡಕದ ಮಿಸ್ ಒಬ್ಬಳು ಬಂದಳು. ಮೂಗಿನಲ್ಲಿ, "ಬಾ. ಕೂತ್ಕೋ. ಇದು ಏನು?" ಕಾಟನ್‌ಪೇಟೆಯ ವಠಾರದಲ್ಲಿ ನಮ್ಮ ಎಡಕ್ಕೂ ಬಲಕ್ಕೂ ಇದ್ದವರು ಸಾಬರ ಮನೆಯವರೇ. ದಖ್ಖನಿ ನನಗೆ ಹಾಲು ಕುಡಿದ ಹಾಗೆ ಬರುತ್ತಿತ್ತು. ಕೇಂದ್ರದಲ್ಲಿ ಒಂದು ದಿನವೂ ಅದನ್ನು ಬಾಯಿಗೆ ತಂದಿರಲಿಲ್ಲ, ಅಷ್ಟೆ. ಅದು ಆಫೀಸಿನ ಭಾಷೆಯಲ್ಲ ನೋಡಿ.

ಗೋಡೆಯ ಮೇಲಿಂದ ಇಣುಕಿದೆ. ವೃತ್ತಿಪರ ವೀಕ್ಷಣೆ ಎಂದು ಬೇಕಾದರೆ ತಿಳಿಯಿರಿ. ಮೆಹರುನ್ನೀಸಾ ಕುಕ್ಕರಗಾಲಲ್ಲಿ ಕೂತು ಒಂದು ಕಂದು ಮೇಕೆಯ ಹಾಲು ಕರೆಯುತ್ತಿದ್ದಳು. ಮಾತೆಲ್ಲ ಮೇಕೆಯ ಜೊತೆ. ಅದರ ಆಚೆ ಬದಿಯಲ್ಲಿ, ಹೊಟ್ಟೆಗೆ ಬೆನ್ನು ಆನಿಸಿಕೊಂಡು ಶಾಹೀನಾ, ಕೈಯಲ್ಲಿ ನಾರಿನ ಉಂಡೆ. ತಾಯಿಯ ಮಾತು ಏರಿದಾಗ ಏರುತ್ತಾ, ಇಳಿದಾಗ ಇಳಿಯುತ್ತಾ ತೂಗುತ್ತಿದ್ದಳು.

ಬೀದಿಯಲ್ಲಿ ಒಂದು ಸೈಕಲ್ ಗಂಟೆ ಆಯಿತು. ಮೆಹರುನ್ನೀಸಾ ಮೇಕೆಯನ್ನು ಕೇಳಿದಳು, "ಕೋನ್ ಆಯಾ?"

ಮೇಕೆ ಉತ್ತರಿಸಲಿಲ್ಲ. ಅದರ ಹೊಟ್ಟೆಯ ಆಚೆಯಿಂದ ಸಣ್ಣ ದನಿ ಬಂತು: "ಅಬ್ಬಾ."

ನಾನು ಕದ ತಟ್ಟಿದೆ.

ಒಂದು ಕ್ಷಣದಲ್ಲಿ ಅಂಗಳ ಬದಲಾಯಿತು. ತಲೆಯ ಮೇಲೆ ಸೆರಗು ಬಂತು, ಬೆನ್ನು ನೆಟ್ಟಗಾಯಿತು. "ಬಾ. ಕೂತ್ಕೋ" ಎಂದು ಮಗಳಿಗೆ ಹೇಳಿದಳು, ಅದೇ ಬೋರ್ಡು ಓದುವ ದನಿ. ಶಾಹೀನಾ ಗೋಡೆಯ ಕಡೆ ತಿರುಗಿದಳು. ನಾನು ಚಾಪೆಯ ಮೇಲೆ ಕೂತು, "ನಿಮ್ಮ ಮಾತು ಕೇಳಿಸ್ತು" ಎಂದೆ.

ಅವಳ ಮುಖ ಬಿಳಿಚಿಕೊಂಡಿತು. "ಮಗಳ ಹತ್ರ ಅಲ್ಲ ಮಿಸ್, ಅಲ್ಲಾನ ಆಣೆ. ಮಗಳ ಹತ್ರ ಕನ್ನಡನೇ. ಹತ್ತೇ. ಮೇಕೆ ಹತ್ರ ಮಾತಾಡ್ಬೇಡ ಅಂತ ನೀವು ಹೇಳಿರ್ಲಿಲ್ಲ, ಅದಕ್ಕೆ..." ಸ್ವಲ್ಪ ತಡೆದು, "ಎದೆ ಕಟ್ಟಿದ ಹಾಗೆ ಆಗ್ತಿತ್ತು ಮಿಸ್. ಅದೂ ತಪ್ಪಾ? ತಪ್ಪಾದ್ರೆ ನಾಳೇನೇ ಮೇಕೆ ಮಾರಿಬಿಡ್ತೀವಿ. ಶಾಹೀನಾನ ಕಳಿಸ್ಬೇಡಿ."

 ಕೊಟ್ಟ ಔಷಧಿಯೇ ರೋಗ ತಂದಿತ್ತು, ರೋಗವನ್ನು ತಾಯಿಯ ಹೆಸರಿಗೆ ಬರೆದಿದ್ದೆ, ಬರೆದದ್ದರ ಮೇಲೆ ಮಗು ರೈಲು ಹತ್ತಲಿತ್ತು. ಹತ್ತೇ ವಾಕ್ಯದಲ್ಲಿ ಮಗುವನ್ನು ಸಾಕು ಅಂದರೆ ಯಾವ ತಾಯಿ ತಾನೇ ಯಂತ್ರವಾಗುವುದಿಲ್ಲ? ಎಂಟು ತಿಂಗಳಲ್ಲಿ ಮೊದಲ ಸಲ ಅವಳ ಭಾಷೆ ನನ್ನ ಬಾಯಿಗೆ ಬಂತು. "ಬೇಚ್ನಾ ನಕ್ಕೋ" ಎಂದೆ. ಮಾರಬೇಡ.

ಮೆಹರುನ್ನೀಸಾ ನನ್ನನ್ನು ನೋಡಿದಳು.  ಆಮೇಲೆ ನನ್ನಿಂದ ಮುಖ ತಿರುಗಿಸಿ ಮೇಕೆಗೆ ಹೇಳಿದಳು, ಅವಳ ಭಾಷೆಯಲ್ಲಿ, ಮೆಲ್ಲಗೆ: "ಕೇಳಿಸ್ಕೊಂಡ್ಯಾ ಶಹಜಾದಿ? ಮಿಸ್‌ಗೆ ನಮ್ಮ ಮಾತು ಬರುತ್ತಂತೆ. ಮೊದಲಿಂದಲೂ ಬರುತ್ತಿತ್ತಂತೆ. ಎಂಟು ತಿಂಗಳು ನಾನು ನನ್ನ ಮಗೂಗೆ ಒಂದು ಕಥೆ ಹೇಳ್ಲಿಲ್ಲ, ಜ್ವರ ಬಂದಾಗ ಒಂದು ಸಮಾಧಾನ ಹೇಳ್ಲಿಲ್ಲ. ಅವರು ಎದುರಿಗೆ ಕೂತು ಬರ್ಕೊಂಡ್ರು."

ನಮ್ಮ ಮನೆಗಳಲ್ಲೂ ಅತ್ತೆಯ ಮೇಲಿನ ಸಿಟ್ಟನ್ನು ಪಾತ್ರೆಗೆ ಹೇಳುವುದುಂಟು. ದೊಡ್ಡವರಿಗೆ ನೇರವಾಗಿ ಹೇಳಬಾರದ್ದನ್ನು ಹೀಗೆ ಪಕ್ಕದವರಿಗೆ ಹೇಳುವುದು. ನನಗೆ ಹೇಳಿದ್ದರೆ ಉತ್ತರ ಕೊಡಬಹುದಿತ್ತು. ಮೇಕೆಗೆ ಹೇಳಿದ್ದಕ್ಕೆ ಕೊಡುವ ಹಾಗಿರಲಿಲ್ಲ.

ಮಧ್ಯಾಹ್ನವೇ ಡಾಕ್ಟರ ಮನೆಗೆ ಹೋದೆ. ಅವರು ಪೂರ್ತಿ ಕೇಳಿದರು.

"ಅಂದರೆ ಸಾಕ್ಷಿ ಯಾರು?"

"ಮೇಕೆ ಸಾರ್."

"ನೋಡಿ, ತಣ್ಣಗೆ ಅಂತ ಗುರುತು ಹಾಕಿದ್ದು ನೀವೇ. ಎಂಟು ತಿಂಗಳ ಅಬ್ಸರ್ವೇಶನ್ ಒಂದು ಕಡೆ, ಒಂದು ಬೆಳಗಿನ ಸೆಂಟಿಮೆಂಟ್ ಒಂದು ಕಡೆ. ದಾಖಲೆಯನ್ನು ಹೊಡೆದುಹಾಕೋ ಪದ್ಧತಿ ನಮ್ಮಲ್ಲಿಲ್ಲ."

"ಹೊಡೆದುಹಾಕೋದು ಬೇಡ ಸಾರ್. ಶುಕ್ರವಾರ ಒಂದು ಗಂಟೆ ನೀವೇ ನೋಡಿ. ಆಮೇಲೆ ಕಾಗದ ಕಳಿಸಿ."

ಅವರು ಕನ್ನಡಕ ಒರೆಸಿಕೊಂಡರು. "ಒಂದೇ ಗಂಟೆ" ಎಂದರು.

ಹೀಗಾಗಿ ಆ ಶುಕ್ರವಾರ ಮಕ್ಕಳ ಮಾರ್ಗದರ್ಶನ ಕೇಂದ್ರದ ಥೆರಪಿ ರೂಮಿಗೆ ಶಹಜಾದಿಯ ಆಗಮನವಾಯಿತು. ಮುನಿಯಮ್ಮ ಹಗ್ಗ ಹಿಡಿದು ಎರಡು ಸ್ಟಾಪು ನಡೆಸಿಕೊಂಡು ಬಂದಳು. ಕಂಡಕ್ಟರ್ ಬಸ್ಸಿಗೆ ಹತ್ತಿಸಲಿಲ್ಲವಂತೆ. "ಇದೂ ಪೇಸೆಂಟು ಅಂದೆ ಮಿಸ್ಸೂ, ಆದ್ರೂ ಒಪ್ಲಿಲ್ಲ." ಮೇಜಿನ ಮೇಲೆ ಹಳದಿ ಕಾರ್ಡಿತ್ತು. ಮೇಕೆ ಅದನ್ನು ತಿಂದುಬಿಟ್ಟಿದ್ದರೆ ಎಲ್ಲ ಸಲೀಸಾಗುತ್ತಿತ್ತು. ಅದು ಒಮ್ಮೆ ಮೂಸಿ ಬಿಟ್ಟುಬಿಟ್ಟಿತು. ಮೇಕೆಯೂ ಒಲ್ಲದ ಕಾಗದ.

ಡಾಕ್ಟರು ಕಿಂಡಿಯ ಆಚೆ ಸ್ಟೂಲಿನ ಮೇಲೆ ಕೂತರು. ಒಳಗೆ ತಾಯಿ, ಮಗಳು, ಮೇಕೆ, ನಾನು. ಗಫಾರ್ ಸಾಹೇಬರು ವರಾಂಡದಲ್ಲಿ, ಅರ್ಜಿ ಅವರ ಕೈಯಲ್ಲಿ, ಸಹಿ ಇನ್ನೂ ಆಗಿರಲಿಲ್ಲ.

ಮೆಹರುನ್ನೀಸಾ ಬಾಯಿ ಬಿಡಲಿಲ್ಲ. ಸೊಳ್ಳೆಪರದೆಯ ಹಿಂದೆ ಡಾಕ್ಟರು ಕೂತಿದ್ದಾರೆ ಎಂದು ಗೊತ್ತಿದ್ದ ಮೇಲೆ ಯಾರು ಅತ್ತೆಯ ಗೊರಕೆ ಹೊಡೆದು ತೋರಿಸುತ್ತಾರೆ? ಹತ್ತು ನಿಮಿಷ, ಇಪ್ಪತ್ತು ನಿಮಿಷ. ಮೇಕೆ ಹಿಕ್ಕೆ ಹಾಕಿತು. ಶಾಹೀನಾ ಅದರ ಹೊಟ್ಟೆಗೆ ಆನಿಕೊಂಡು ನಾರು ಜೋಡಿಸುತ್ತಿದ್ದಳು. ಕಾಲು ಗಂಟೆ ಉಳಿದಾಗ ನನಗೆ ಬೇರೆ ದಾರಿ ತೋಚಲಿಲ್ಲ. ನೆಲದ ಮೇಲೆ ಕೂತು ಮೇಕೆಗೆ ಹೇಳತೊಡಗಿದೆ. ದಖ್ಖನಿಯಲ್ಲಿ, ಕಿಂಡಿಗೂ ಕೇಳುವಷ್ಟು ಜೋರಾಗಿ.

"ಕೇಳು ಶಹಜಾದಿ. ಈ ಅಮ್ಮನ ಬಾಯಿ ಕಟ್ಟಿದ್ದು ನಾನು. ಕಟ್ಟಿ, ಇವಳಿಗೆ ಮಾತೇ ಬರಲ್ಲ ಅಂತ ಬರೆದೆ. ಮುದ್ದು ಮಾಡೋಕೆ ಏನು ಹೇಳಲಿ ಅಂತ ಕೇಳಿದಳು, ಹೇಳಿಕೊಡಲಿಲ್ಲ. ಆ ಕಾರ್ಡಿನಲ್ಲಿ ಇರೋ ತಣ್ಣಗಿನ ಹೆಂಗಸು ಇವಳಲ್ಲ, ನಾನು."

ನನ್ನ ದಖ್ಖನಿಗೆ ತುಕ್ಕು ಹಿಡಿದಿತ್ತು. ಮೆಹರುನ್ನೀಸಾ ಸೆರಗು ಬಾಯಿಗೆ ಒತ್ತಿಕೊಂಡಳು. ನಗುವೋ ಅಳುವೋ ತಿಳಿಯಲಿಲ್ಲ. ಮಾತು ಮಾತ್ರ ಬರಲಿಲ್ಲ. ಕಿಂಡಿಯ ಆಚೆಯಿಂದ ಡಾಕ್ಟರ ದನಿ ಬಂತು, ಒರಟಾಗಿಯಲ್ಲ, ದಣಿದು: "ಸಮಯ ಆಯಿತು. ಮೇಕೆಯನ್ನು ಹೊರಗೆ ಕರೆದುಕೊಂಡು ಹೋಗಿ."

ಮುನಿಯಮ್ಮ ಬಂದು ಹಗ್ಗ ಎಳೆದಳು. ಮೇಕೆ ಎದ್ದಿತು. ಶಾಹೀನಾಳ ಬೆನ್ನ ಹಿಂದೆ ಖಾಲಿಯಾಯಿತು. ಅವಳು ತಿರುಗಿದಳು, ನಾರಿನ ಉಂಡೆ ಬಿಟ್ಟು ಎರಡೂ ಕೈಯಲ್ಲಿ ಹಗ್ಗ ಹಿಡಿದಳು.

"ನಕ್ಕೋ" ಎಂದಳು.

ಮುನಿಯಮ್ಮ ನಿಂತಳು. ಮೆಹರುನ್ನೀಸಾ ನನ್ನ ಕಡೆ ನೋಡಲಿಲ್ಲ, ಕಿಂಡಿಯ ಕಡೆ ನೋಡಲಿಲ್ಲ. ಎಂಟು ತಿಂಗಳ ಮೇಲೆ ಮೊದಲ ಬಾರಿ ಮಗಳಿಗೇ ನೇರವಾಗಿ, ಅವಳದೇ ಮಾತಿನಲ್ಲಿ ಹೇಳಿದಳು: "ನಕ್ಕೋ ತೋ ನಕ್ಕೋ, ಬೇಟಾ." ಬೇಡ ಅಂದರೆ ಬೇಡ ಬಿಡು, ಕಂದ. ಆಮೇಲೆ ಅವಳ ಬಾಯಿ ನಿಲ್ಲಲಿಲ್ಲ. ಏನೇನು ಹೇಳಿದಳೋ, ಎಲ್ಲ ನನಗೆ ಅರ್ಥವಾಯಿತು. ಬರೆದುಕೊಳ್ಳಲಿಲ್ಲ. ಶಾಹೀನಾ ಹಗ್ಗ ಹಿಡಿದುಕೊಂಡೇ ಏರುತ್ತಾ ಇಳಿಯುತ್ತಾ ತೂಗಿದಳು.

ಡಾಕ್ಟರು ಸ್ಟೂಲಿನಿಂದ ಎದ್ದರು. ವರಾಂಡಕ್ಕೆ ಹೋಗಿ ಗಫಾರ್ ಸಾಹೇಬರ ಕೈಯಿಂದ ಅರ್ಜಿ ತೆಗೆದುಕೊಂಡರು, ಮಡಿಸಿ ಜೇಬಿಗೆ ಹಾಕಿಕೊಂಡರು. ನನ್ನ ಕಡೆ ತಿರುಗಿ ಒಂದೇ ಪ್ರಶ್ನೆ ಕೇಳಿದರು: "ಒಂದೇ ಭಾಷೆ ಅಂತ ಇನ್ನೂ ಯಾರು ಯಾರಿಗೆ ಹೇಳಿದೀವಿ?"

ಕಾರ್ಡುಗಳನ್ನು ತೆಗೆದು ಕೂತೆವು. ಸಂಜಯನಗರದ ತಮಿಳರ ಮನೆ, ಯಲಹಂಕದ ತೆಲುಗು ಅಜ್ಜಿ, ಹೆಬ್ಬಾಳದಲ್ಲಿ ಒಂದು ತುಳು ಮನೆ. ಹೇಳಿದ್ದನ್ನು ವಾಪಸು ತೆಗೆದುಕೊಳ್ಳಲು ಒಂದೊಂದೇ ಮನೆಗೆ ನಾವಿಬ್ಬರೂ ಹೋದೆವು. ಆ ಸುತ್ತಾಟಕ್ಕೆ ಯಾವ ವಾರ್ಷಿಕ ವರದಿಯಲ್ಲೂ ಜಾಗ ಸಿಗಲಿಲ್ಲ. ತೆಲುಗು ಅಜ್ಜಿ ಡಾಕ್ಟರಿಗೆ ಮಜ್ಜಿಗೆ ಕೊಟ್ಟು, "ನಾನೇನ್ ನಿಮ್ಮ ಮಾತು ಕೇಳಿದ್ನಾ ಸ್ವಾಮಿ? ನೀವು ಹೇಳಿದ್ದನ್ನ ಆ ದಿನಾನೇ ಗಾಳಿಗೆ ಬಿಟ್ಟೆ" ಎಂದಳು. ಡಾಕ್ಟರು ಇಡೀ ತಿಂಗಳಲ್ಲಿ ನಕ್ಕದ್ದು ಅಂದೊಂದೇ ಸಲ.

ಹನ್ನೊಂದನೇ ಕಾಲಂ ಹಾಗೇ ಉಳಿಯಿತು. ಅಚ್ಚಾದ ಕಾರ್ಡು ಇನ್ನೂ ಎರಡು ಕಟ್ಟು ಇತ್ತು. ಮೂರು ಚೌಕಗಳ ಮೇಲೆ ಗೆರೆ ಎಳೆದು ನಾನು ಕೈಯಲ್ಲಿ ಬರೆಯುತ್ತಿದ್ದೆ: 'ತಾಯಿಗೆ ನಾವು ಏನು ಹೇಳಿದ್ದೇವೆ?' ಹುಡುಗಿಯರೇ, ನಿಮ್ಮ ಕಂಪ್ಯೂಟರಿನಲ್ಲಿ ಅದಕ್ಕೆ ಜಾಗ ಇದೆಯೋ ಇಲ್ಲವೋ ಕಾಣೆ. ಇಲ್ಲದಿದ್ದರೆ ಮಾಡಿಕೊಳ್ಳಿ.

ಶಾಹೀನಾ ಗುಣವಾಗಲಿಲ್ಲ. ಗುಣವಾಗುವ ಕಾಯಿಲೆ ಅದಲ್ಲ, ಕಾಯಿಲೆಯೂ ಅಲ್ಲ; ಅದು ನಮಗೆ ತಿಳಿಯಲು ಇನ್ನೂ ಬಹಳ ವರ್ಷ ಬೇಕಾಯಿತು. ನಾಲ್ಕು ಮಾತು ವಾಪಸು ಬಂದವು, ನಿಧಾನವಾಗಿ ಇನ್ನಷ್ಟು ಸೇರಿದವು. ಕೈ ಕಚ್ಚಿಕೊಳ್ಳುವುದು ಕಡಿಮೆಯಾಯಿತು. ಮೆಹರುನ್ನೀಸಾ ಮಾತ್ರ ನಮ್ಮ ವರಾಂಡದ ಬೆಂಚಿನ ಖಾಯಂ ಸದಸ್ಯೆಯಾದಳು. ಹೊಸದಾಗಿ ಬಂದು ಅಳುತ್ತಾ ಕೂತ ತಾಯಂದಿರನ್ನು ಮೊದಲು ನೋಡುತ್ತಿದ್ದವಳು ಅವಳು, ಆಮೇಲೆ ನಾವು. "ಇಲ್ಲಿ ಮಿಸ್ ಏನ್ ಹೇಳಿದ್ರೂ ಮನೆಗೆ ಹೋಗಿ ಒಂದ್ ಸಲ ಮೇಕೆಗೆ ಹೇಳಿ ನೋಡಿ. ಅದು ತಲೆ ಅಲ್ಲಾಡಿಸಿದ್ರೆ ಮಾತ್ರ ಮಾಡಿ" ಎಂದು ಅವಳು ಹೇಳುವುದು ಒಳಗೆ ನನಗೆ ಕೇಳಿಸುತ್ತಿತ್ತು. ತಾಯಂದಿರ ಮನಸ್ಸಿಗೆ ಅಲ್ಲಿ ಏನಾದರೂ ಥೆರಪಿ ನಡೆದಿದ್ದರೆ, ಅದು ಆ ಬೆಂಚಿನ ಮೇಲೆ.

ಹಳೆಯ ಕಾರ್ಡನ್ನು ಹೊಡೆದುಹಾಕುವ ಪದ್ಧತಿ ಇರಲಿಲ್ಲವಲ್ಲ, 'ತಣ್ಣಗೆ' ಎಂಬ ಗುರುತು ನನ್ನ ಶಾಯಿಯಲ್ಲಿ ಹಾಗೇ ಇತ್ತು. ಎಂಬತ್ತರ ದಶಕದ ನಡುವೆ ಆ ಬಾಡಿಗೆ ಮನೆ ಖಾಲಿ ಮಾಡುವಾಗ ಕಾಗದಗಳನ್ನು ಕಟ್ಟುತ್ತಿದ್ದೆವು. ಮೆಹರುನ್ನೀಸಾ ಸಹಾಯಕ್ಕೆಂದು ಬಂದಿದ್ದಳು. ಹತ್ತು ದಾಟಿದ ಶಾಹೀನಾ ಕಟ್ಟುವ ದಾರಗಳನ್ನು ನೆಲದ ಮೇಲೆ ಸಾಲಾಗಿ ಜೋಡಿಸುತ್ತಿದ್ದಳು. ಆ ಕಾರ್ಡು ಕೈಗೆ ಬಂದಾಗ ನಾನು ಮೆಹರುನ್ನೀಸಾಗೆ ತೋರಿಸಿದೆ, ಹನ್ನೊಂದನೆಯದರಲ್ಲಿ ಏನಿದೆ ಎಂದು ಓದಿ ಹೇಳಿದೆ. ತಪ್ಪಾಯಿತು ಅಂದೆ, ಈ ಸಲ ಮೇಕೆಗಲ್ಲ.

ಅವಳು ಕಾರ್ಡನ್ನು ತಿರುಗಿಸಿ ಮುರುಗಿಸಿ ನೋಡಿ ಕಟ್ಟಿಗೆ ಸೇರಿಸಿದಳು. ಆಮೇಲೆ ಅಂದಳು, "ಅದಿರ್ಲಿ ಮಿಸ್. ಅವತ್ತು ಕೇಳಿದ್ದು ನೀವು ಇನ್ನೂ ಹೇಳೇ ಇಲ್ಲ. ಮುದ್ದು ಮಾಡೋದಕ್ಕೆ ಕನ್ನಡದಲ್ಲಿ ಏನಂತಾರೆ?"

"ಚಿನ್ನ ಅಂತಾರೆ" ಎಂದೆ. "ಬಂಗಾರ ಅಂತಾರೆ. ನನ್ನ ಕಂದಾ ಅಂತಾರೆ."

ಅವಳು ಬಾಯಲ್ಲೇ ಒಂದೆರಡು ಸಲ ಹೇಳಿಕೊಂಡು ರುಚಿ ನೋಡಿದಳು. ಆಮೇಲೆ ಮಗಳ ಪಕ್ಕ ಕೂತು, ತಲೆಯ ಮೇಲೆ ಕೈಯಿಟ್ಟು, "ಚಿನ್ನಾ" ಎಂದಳು.

ಶಾಹೀನಾ ದಾರದಿಂದ ಕಣ್ಣು ತೆಗೆಯದೆ, "ನಕ್ಕೋ" ಎಂದಳು.

"ನಕ್ಕೋ ತೋ ನಕ್ಕೋ" ಎಂದಳು ತಾಯಿ, ಕೈ ಮಾತ್ರ ತೆಗೆಯಲಿಲ್ಲ.